ಸವೆದ ಹಿಮ್ಮಡಿಗಳು

ಗಡಿ ಊರು
ಮಾರ್ಚ್ 4

ಅಪ್ಪಾ,

ಗಡಿ ದಾಟಿದ್ದಾಯಿತು. ನೀನು ಹೇಳುತ್ತಿದ್ದ ಹಾಗೆ ಗೇಟು, ಬಾವುಟ, ಬಂದೂಕು ಎಲ್ಲ ಇದೆ. ಆದರೆ ಗೇಟಿನ ಎರಡೂ ಪಕ್ಕ ಬೇಲಿಯೇ ಇಲ್ಲ, ಬರೀ ಬಯಲು. ಕುರಿಗಳು ಆಚೆಯಿಂದ ಈಚೆ ಆರಾಮಾಗಿ ಓಡಾಡಿಕೊಂಡಿದ್ದವು, ಅವುಗಳನ್ನು ಕೇಳುವವರಿಲ್ಲ. ನನ್ನನ್ನು ಮಾತ್ರ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರು. "ವಿಮಾನ ಇದೆಯಲ್ಲಮ್ಮ, ನೆಲದ ಮೇಲೆ ಯಾಕೆ ಹೋಗ್ತೀಯ? ಅದೂ ಒಬ್ಬಳೇ, ಆ ಕಡೆ ಸಮುದ್ರದವರೆಗೆ? ಅಲ್ಲೇನಿದೆ ಅಂತ?" ಎಂದ ಅಧಿಕಾರಿ. "ನಮ್ಮಪ್ಪ ಅರ್ಧ ದಾರಿ ಹೋಗಿ ವಾಪಸ್ ಬಂದಿದ್ರು. ಉಳಿದರ್ಧ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಮೊಹರು ಒತ್ತಿದ. ತಲೆಕೆಟ್ಟವರಿಗೆಂದು ಬೇರೆ ಮೊಹರು ಇದ್ದಿದ್ದರೆ ಖಂಡಿತ ಅದನ್ನೇ ಒತ್ತುತ್ತಿದ್ದ.

ಮಾತಿನ ಪ್ರಕಾರ ಮೊದಲ ಜೊತೆ ಹಿಮ್ಮಡಿ ರಬ್ಬರುಗಳನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ನಿನ್ನ ಹಾಗೇ ಶೂ ರಿಪೇರಿ ಮಾಡುವವನೊಬ್ಬ ಇಲ್ಲಿ ಹೊಸದು ಹೊಡೆದು ಹಳೆಯದನ್ನು ಕಸದ ಡಬ್ಬಕ್ಕೆ ಎಸೆದ. ನಾನು ಡಬ್ಬದೊಳಗೆ ಕೈ ಹಾಕಿ ಹುಡುಕಿ ತೆಗೆದು, ಒರೆಸಿ, ಕಾಗದದಲ್ಲಿ ಸುತ್ತಿಕೊಂಡಾಗ ಅಂಗಡಿಯಲ್ಲಿದ್ದವರೆಲ್ಲ ಬಿಟ್ಟ ಬಾಯಿ ಮುಚ್ಚಲಿಲ್ಲ. ಪತ್ರದಲ್ಲಿ ನೀನು ಸುಳ್ಳು ಬರೆಯಬಹುದು, ಹಿಮ್ಮಡಿ ಸುಳ್ಳು ಹೇಳುವುದಿಲ್ಲ ಎಂದವನು ನೀನೇ ತಾನೆ? ತಗೋ, ಹೆಬ್ಬೆರಳು ಹಾಕಿ ಓದು.

ಅಮ್ಮನ ವಿಷಯ. ಹೊರಡುತ್ತೇನೆ ಎಂದ ದಿನದಿಂದ ಹೊರಟ ಗಳಿಗೆಯವರೆಗೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನನ್ನ ಶೂಗಳ ಮೇಲ್ಭಾಗ ಹೊಲಿದುಕೊಟ್ಟಳು, ಅದೂ ಎರಡೆರಡು ಸಾಲು ಹೊಲಿಗೆ ಹಾಕಿ. ಬಾಗಿಲಲ್ಲಿ ನಿಂತು "ಹೋಗಿ ಬರ್ತೀನಮ್ಮ" ಎಂದರೆ, ಒಳಗೆ ಹೋಗಿ ಹೊಲಿಗೆ ಮಷಿನ್ ತುಳಿಯಲು ಶುರುಮಾಡಿದಳು. ನಾನು ಬೀದಿ ಕೊನೆ ತಲುಪುವವರೆಗೂ ಆ ಮಷಿನ್ ಸದ್ದು ಕೇಳಿಸುತ್ತಿತ್ತು. ಅಷ್ಟು ಸಿಟ್ಟೇ? ನಿನ್ನ ಕಣ್ಣು ಮಂಜಾದ ಮೇಲೆ ಪತ್ರ ಓದಿ ಹೇಳುವವಳೂ ಅವಳೇ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಓದಲಿ.

ಮುಂದಿನ ಪತ್ರವನ್ನು ಉಪ್ಪಿನ ಊರಿನ ಅಂಚೆ ಕಚೇರಿಗೆ ಹಾಕು. ನಾನು ಬಂದು ಕೇಳುವವರೆಗೆ ಇಟ್ಟಿರುತ್ತಾರೆ.

ನಿನ್ನ ಗಿರಗಟ್ಲೆ

*

ಮನೆ
ಮಾರ್ಚ್ 29

ಗಿರಗಟ್ಲೆ,

ಪತ್ರ ಬಂತು. ನಿಮ್ಮಮ್ಮ ಓದಿದಳು. ತನ್ನ ಬಗ್ಗೆ ಬರೆದದ್ದನ್ನೂ ಒಂದಕ್ಷರ ಬಿಡದೆ, ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಓದಿ ಮುಗಿಸಿದಳು. ಈಗ ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ನಾನು ಹೇಳಿದ್ದನ್ನು ಮಾತ್ರ ಬರೆಯಬೇಕೆಂದು ಮಾತಾಗಿದೆ. ಕಣ್ಣು ನೆಟ್ಟಗಿದ್ದಾಗಲೇ ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಈಗಂತೂ ದೇವರಿಗೇ ಪ್ರೀತಿ.

(ಹೇಳಿದ್ದನ್ನು ಮಾತ್ರ ಬರೆಯುತ್ತಿದ್ದೇನೆ. ಆದರೆ ವೇಳಾಪಟ್ಟಿ ಎನ್ನುವುದು ಸುಳ್ಳು. ಸರಿಯಾಗಿಯೇ ಓದಿದ್ದೆ.)

ಹಿಮ್ಮಡಿ ಕೈಗೆ ಬಂದ ತಕ್ಷಣ ಹೆಬ್ಬೆರಳು ಹಾಕಿದೆ. ಎಡದ್ದರ ಹೊರಅಂಚು ಸವೆದಿದೆ, ಬಲದ್ದು ಇದ್ದ ಹಾಗೇ ಇದೆ. ಅಂದರೆ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಓಲಾಡುತ್ತಾ ಹೋಗುತ್ತಿದ್ದೀಯ. ಚೀಲಕ್ಕೆ ಎರಡು ಪಟ್ಟಿ ಹಾಕಿರುವುದು ಎರಡು ಹೆಗಲಿಗೆ, ತಾಯಿ! ಇನ್ನೊಂದು. ಬಲಗಾಲಿನದ್ದರ ಹಿಂತುದಿಯಲ್ಲಿ ಚಕ್ಕೆ ಎದ್ದಿದೆ. ಓಡಿದ್ದೀಯ. ಬಸ್ಸು ತಪ್ಪಿಸಿಕೊಂಡೆ, ಹೌದೋ ಅಲ್ಲವೋ? ಪತ್ರದಲ್ಲಿ ಆ ವಿಷಯವೇ ಇಲ್ಲ, ಕಳ್ಳಿ.

ಹಿಮ್ಮಡಿಗಳನ್ನು ನಮ್ಮ ಶೂ ಅಂಗಡಿಯ ಗಾಜಿನ ಕಿಟಕಿಯಲ್ಲಿ ಇಟ್ಟಿದ್ದೇನೆ. ಬಂದವರೆಲ್ಲ "ಇದೇನು ಮಾರಾಟಕ್ಕಾ?" ಎಂದು ಕೇಳುತ್ತಾರೆ. ನನ್ನ ಮಗಳು ಭೂಮಿ ಸವೆಸುತ್ತಿದ್ದಾಳೆ, ಭೂಮಿ ಇವಳನ್ನು ಎಷ್ಟು ಸವೆಸಿತು ಅಂತ ಲೆಕ್ಕ ಇಟ್ಟಿದ್ದೀನಿ ಎನ್ನುತ್ತೇನೆ.

(ಇಲ್ಲಿ ಸ್ವಲ್ಪ ಹೊತ್ತು ಮಲಗಿ ಎದ್ದರು. ನಾನು ಕಾದೆ.)

ಉಪ್ಪಿನ ಊರು ದಾಟಿದರೆ ಮುಂದೆ ದೊಡ್ಡ ನದಿ. ನಾನು ವಾಪಸ್ ಬಂದದ್ದು ಆ ದಡದಿಂದಲೇ. ಹಾಳು ಹಿಮ್ಮಡಿ ಅಲ್ಲೇ ಕಿತ್ತುಹೋಗಬೇಕೆ! ನೀನು ನದಿ ದಾಟಿದಾಗ ಮೊದಲು ನನಗೆ ಬರೆ. ಸಮುದ್ರ ಮುಟ್ಟುವವರೆಗೂ ಹಿಂದೆ ತಿರುಗಿ ನೋಡಬೇಡ. ಏನೇ ಆಗಲಿ. ಇದು ನನ್ನ ಮಾತು, ನಿಮ್ಮಮ್ಮನದಲ್ಲ.

ಅಪ್ಪ

*

ಉಪ್ಪಿನ ಊರು
ಏಪ್ರಿಲ್ 23

ಅಪ್ಪಾ,

ಬಸ್ಸು ತಪ್ಪಿದ್ದು ನಿಜ. ಅರ್ಧ ಊರಿನುದ್ದಕ್ಕೂ ನಾನು ಅದರ ಹಿಂದೆ ಓಡಿದೆ. ನಿನ್ನ ಹೆಬ್ಬೆರಳಿಗೆ ಬೆಂಕಿ ಬೀಳಲಿ!

ಮಧ್ಯಾಹ್ನದ ನಿದ್ದೆ ಯಾವಾಗಿನಿಂದ ಶುರುವಾಯಿತು, ಸೋಮಾರಿ ಸಾಹೇಬರೇ? ಪತ್ರದ ಮಧ್ಯದಲ್ಲೇ ಗೊರಕೆ ಹೊಡೆಯುವಷ್ಟು? ಗಿರಾಕಿಗಳು ಬಂದರೆ ಅಮ್ಮ ಏನು ಹೇಳಿ ಕಳಿಸುತ್ತಾಳೆ? ಹೋಗಲಿ ಬಿಡು, ವಯಸ್ಸಿಗೊಂದು ನಿದ್ದೆ ಇರಲಿ.

ಇಲ್ಲಿಯ ದೂರ ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. "ಇಲ್ಲೇ ಪಕ್ಕದಲ್ಲಿ" ಎಂದರೆ ನಾಳೆ ತಲುಪುತ್ತೀಯ ಎಂದರ್ಥ. "ಸ್ವಲ್ಪ ದೂರ" ಎಂದರೆ ಬಟ್ಟೆ ಒಗೆದು ಒಣಗಿಸಿಕೊಂಡು ಹೊರಡಬೇಕು. ಬಸ್ಸು ಅರ್ಧ ದಾರಿಗೇ ನಿಂತುಹೋಯಿತು. ಆಮೇಲೆ ಉಪ್ಪು ಸಾಗಿಸುವ ಲಾರಿಯೇ ಗತಿ. ನೆಲವೆಲ್ಲ ಬೆಳ್ಳಗೆ, ರಸ್ತೆ ಎನ್ನುವುದೇ ಇಲ್ಲ, ಹಳೆಯ ಲಾರಿಗಳ ಜಾಡು ಹಿಡಿದು ಹೋಗುವುದು. ಯಾವ ಕಡೆ ನೋಡಿದರೂ ಒಂದು ಗಿಡವಿಲ್ಲ, ಮನೆಯಿಲ್ಲ. ಮೊದಲ ದಿನ ಖುಷಿಯಾಯಿತು. ಎರಡನೇ ದಿನ ಸುಮ್ಮನೆ ಅಳು ಬಂತು. ಯಾಕೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ.

ಲಾರಿಯವನ ಹೆಸರು ನನ್ನ ಬಾಯಿಗೆ ಹೊರಳುವುದಿಲ್ಲ, ಪೀಪಾಯಿ ಎಂದು ಇಟ್ಟಿದ್ದೇನೆ. ಮೈ ಹಾಗೇ ಇದೆ. ಆದರೆ ಪಾದ ಮಾತ್ರ ನನ್ನಷ್ಟೇ ಚಿಕ್ಕದು! ಅಷ್ಟು ದೊಡ್ಡ ಮೈ ಅದರ ಮೇಲೆ ಹೇಗೆ ನಿಂತಿದೆಯೋ. ನಡೆಯುವಾಗ ಮಂಡಿಗೆ ಮಂಡಿ ತಾಗಿಸಿಕೊಂಡು ಬಾತುಕೋಳಿಯ ಹಾಗೆ ಹೋಗುತ್ತಾನೆ. ನೀನಿದ್ದಿದ್ದರೆ ಅವನ ಹಿಮ್ಮಡಿ ಓದಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಒಳ್ಳೆಯವನು. ನನ್ನ ಶೂ ಎತ್ತಿ ಹೊಲಿಗೆ ನೋಡಿ, ಯಾರು ಹೊಲಿದದ್ದು ಎಂದು ಸನ್ನೆಯಲ್ಲಿ ಕೇಳಿದ. ಅಮ್ಮ ಎಂದೆ. ಎರಡೂ ಕೈ ಎತ್ತಿ ಮುಗಿದ.

ಇದನ್ನು ಓದಿದ ಮೇಲಾದರೂ ಅಮ್ಮನನ್ನು ಕೇಳು ಅಪ್ಪ. ಅವಳ ಸಿಟ್ಟಿಗೆ ಕೊನೆ ಎಲ್ಲಿ? ಆವರಣ ಚಿಹ್ನೆಯೊಳಗೆ ಕೂತು ನಿನ್ನನ್ನು ತಿದ್ದುತ್ತಾಳೆ, ನನಗೆ ಒಂದು ಸಾಲು ಬರೆಯಲಾರಳೇ? ಮಗಳು ಬದುಕಿದ್ದಾಳೋ ಇಲ್ಲವೋ ಎಂದೂ ಅನ್ನಿಸುವುದಿಲ್ಲವೇ?

ಮುಂದಿನದು ನದಿಯ ಊರಿಗೆ. ಎರಡನೇ ಜೊತೆ ಹಿಮ್ಮಡಿ ಇದರಲ್ಲಿದೆ.

ಗಿರಗಟ್ಲೆ

*

ಮನೆ
ಮೇ 18

ಗಿರಗಟ್ಲೆ,

ಈ ಸಲ ಚೀಲ ಎರಡು ಹೆಗಲಿಗೂ ಬಂದಿದೆ. ಭೇಷ್. ಉಪ್ಪು ರಬ್ಬರಿನೊಳಗೆ ಇಳಿದಿದೆ, ನೆಕ್ಕಿ ನೋಡಿದೆ. ನಿಮ್ಮಮ್ಮ ಬೈದಳು.

ಪೀಪಾಯಿಗೆ ನನ್ನ ನಮಸ್ಕಾರ ಹೇಳು. ಅಂಥ ಕಾಲಿಗೆ ಹಿಮ್ಮಡಿಯ ಒಳಅಂಚಿನಲ್ಲಿ ಒಂದು ಎಳೆ ಹೆಚ್ಚು ತೊಗಲು ಕೊಡಬೇಕು. ಯಾರಾದರೂ ಮಾಡಿಕೊಟ್ಟರೆ ಮಂಡಿನೋವು ಇಳಿಯುತ್ತದೆ.

ನಾನು ಸ್ವಲ್ಪ ಇಳಿದಿದ್ದೇನೆ. ಒಳ್ಳೆಯದೇ ಆಯಿತು, ಸ್ಟೂಲು ಮುರಿಯುವುದು ತಪ್ಪಿತು.

(ಈ ಸಾಲು ಬರೆಯುವುದಿಲ್ಲ ಎಂದೆ. ಬರೆ, ನಗುತ್ತಾಳೆ ಎಂದರು.)

ನದಿ ದಾಟಿಸುವ ದೋಣಿ ದೊಡ್ಡದು, ಲಾರಿಗಳೂ ಹತ್ತುತ್ತವೆ. ನಾನು ಹೋದಾಗ ದಡದಲ್ಲಿ ಒಂದು ತಗಡಿನ ಚಹಾ ಅಂಗಡಿ ಇತ್ತು. ದೋಣಿಗೆ ಕಾಯುತ್ತಾ ಅಲ್ಲೇ ಕೂತಿದ್ದೆ. ದೋಣಿ ಬಂತು, ಎಲ್ಲ ಹತ್ತಿದರು, ನಾನು ಹತ್ತಲಿಲ್ಲ. ಹಿಮ್ಮಡಿ. ನೀನು ಹತ್ತು. ನಡುನೀರಿನಲ್ಲಿ ನಿಂತು ಒಂದು ಸಲ ಕೂಗು. ಏನು ಬೇಕಾದರೂ ಕೂಗು.

ನಿಮ್ಮಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವಳದು ಸಿಟ್ಟಲ್ಲ.

(ಇದರ ಮುಂದೆ ಅವರು ಹೇಳಿದ್ದನ್ನು ಬರೆದಿಲ್ಲ.)

ಇವತ್ತಿಗೆ ಸಾಕು. ಕೈ ನೋಯುತ್ತಿದೆಯಂತೆ ಬರೆಯುವವಳಿಗೆ.

ಅಪ್ಪ

*

ನದಿಯ ಊರು, ಆಚೆ ದಡ
ಜೂನ್ 12

ಅಪ್ಪಾ! ಅಪ್ಪಾ! ಅಪ್ಪಾ!

ನಡುನೀರಿನಲ್ಲಿ ಕೂಗಿದ್ದು ಇದನ್ನೇ. ದೋಣಿಯವರೆಲ್ಲ ತಿರುಗಿ ನೋಡಿದರು. ಒಬ್ಬಳು ಮುದುಕಿ, ಯಾರೋ ನೀರಿಗೆ ಬಿದ್ದರೆಂದು ತಾನೂ ಕೂಗತೊಡಗಿದಳು. ದೋಣಿ ನಿಲ್ಲಿಸಿಬಿಟ್ಟರು! ಪೀಪಾಯಿ ಎಲ್ಲರ ಕಾಲು ಹಿಡಿದು ಸಮಾಧಾನ ಮಾಡಬೇಕಾಯಿತು.

ದಾಟಿದೆ ಅಪ್ಪ. ನೀನು ನಿಂತಲ್ಲಿಂದ ನಾನು ಮುಂದೆ ಹೋಗಿದ್ದೇನೆ. ದೋಣಿ ಹತ್ತುವ ಮುಂಚೆ ನೋಡಿದೆ, ಆ ದಡದ ತಗಡಿನ ಅಂಗಡಿ ಈಗಲೂ ಇದೆ, ತಗಡು ಮಾತ್ರ ಹೊಸದು. ಬೆಂಚಿನ ಮೇಲೆ ಕೂತೆ. ನೀನು ಕೂತದ್ದು ಎಡಗಡೆಯೋ ಬಲಗಡೆಯೋ ಗೊತ್ತಾಗಲಿಲ್ಲ, ಅದಕ್ಕೆ ಎರಡೂ ಕಡೆ ಕೂತು ಎದ್ದೆ. ಅಂಗಡಿಯವಳಿಗೆ ನಿನ್ನ ನೆನಪಿಲ್ಲ. ಇರುವುದು ಹೇಗೆ, ಆಗ ಅವಳು ಹುಟ್ಟಿರಲೂ ಇಲ್ಲ. ಒಂದೇ ಒಂದು ವಿಚಿತ್ರ ಕಂಡಿತು. ಅಂಗಡಿಗೆ ಅಂಟಿಕೊಂಡೇ ಒಂದು ಶೂ ರಿಪೇರಿ ಅಂಗಡಿ ಇದೆ. ಅವರಜ್ಜನ ಕಾಲದ್ದಂತೆ. ಹಾಗಿದ್ದರೆ ನಿನ್ನ ಹಿಮ್ಮಡಿಯನ್ನು ಅಲ್ಲೇ ಹೊಡೆಸಬಹುದಿತ್ತಲ್ಲಪ್ಪ? ನೀನೇ ಹೊಡೆದುಕೊಳ್ಳಬಹುದಿತ್ತು! ಎಲ್ಲೋ ಏನೋ ಮುಚ್ಚಿಟ್ಟಿದ್ದೀಯ. ಬಂದ ಮೇಲೆ ವಿಚಾರಿಸಿಕೊಳ್ಳುತ್ತೇನೆ.

ಪೀಪಾಯಿ ಇಲ್ಲಿಂದ ವಾಪಸ್. ದೋಣಿ ಹತ್ತುವ ಮುನ್ನ ಅವನೂ ನನ್ನ ಜೊತೆ ಅದೇ ರಿಪೇರಿ ಅಂಗಡಿಯಲ್ಲಿ ಹಿಮ್ಮಡಿ ಬದಲಿಸಿಕೊಂಡ. ನೀನು ಹೇಳಿದ ಹಾಗೆ ಒಳಅಂಚಿಗೆ ಒಂದು ಎಳೆ ಹೆಚ್ಚು ತೊಗಲು ಕೊಡಿಸಿದೆ. ನಾಲ್ಕು ಹೆಜ್ಜೆ ನಡೆದು ನೋಡಿ ಕಣ್ಣರಳಿಸಿದ.

ಇದರ ಜೊತೆ ಬರುವ ಹಿಮ್ಮಡಿಗಳನ್ನು ಚೆನ್ನಾಗಿ ಮುಟ್ಟಿ ನೋಡು. ಮುಟ್ಟಿದ ಗಳಿಗೆಯಲ್ಲಿ ನೀನು ಬಿದ್ದು ಬಿದ್ದು ನಗದಿದ್ದರೆ ನನ್ನನ್ನು ಗಿರಗಟ್ಲೆ ಎಂದು ಕರೆಯಬೇಡ. ಇಷ್ಟೇ ಹೇಳುವುದು.

ಮುಂದಿನದು ರೈಲು ಕೂಡುವ ಊರಿಗೆ.

ಗಿರಗಟ್ಲೆ

*

ಮನೆ
ಜುಲೈ 6

ಗಿರಗಟ್ಲೆ,

ಪತ್ರ ಬಂತು. ನದಿ ದಾಟಿದ್ದು ಓದಿ ಬಹಳ ಸಂತೋಷವಾಯಿತು. ನಿಮ್ಮಮ್ಮ ಎರಡೆರಡು ಸಲ ಓದಿ ಹೇಳಿದಳು.

ಹಿಮ್ಮಡಿ ನೋಡಿದೆ. ನೋಡಿ ನಕ್ಕೆ. ಎಡದ್ದರ ಹೊರಅಂಚು ಸವೆದಿದೆ. ಚೀಲವನ್ನು ಎರಡು ಹೆಗಲಿಗೂ ಹಾಕಿಕೋ ಎಂದಿದ್ದೆನಲ್ಲ. ಉಳಿದಂತೆ ನಿನ್ನ ನಡಿಗೆ ಚೆನ್ನಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಬಿಸಿಯಾಗಿ ಸಿಗುವುದನ್ನೇ ತಿನ್ನು. ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಕಿವಿಗೆ ಬಟ್ಟೆ ಕಟ್ಟಿಕೋ, ಚಿಕ್ಕವಳಿದ್ದಾಗಿನಿಂದ ನಿನಗೆ ಗಾಳಿ ತಾಗಿದರೆ ಕಿವಿನೋವು. ತಲೆಗೆ ನೀರು ಹಾಕಿಕೊಂಡ ದಿನ ಒದ್ದೆ ಕೂದಲು ಕಟ್ಟಿಕೊಂಡು ಹೊರಡಬೇಡ. ಮಲಗುವ ಕಡೆ ಬಾಗಿಲಿಗೆ ಒಳಚಿಲಕ ಇದೆಯೇ ಎಂದು ಮೊದಲು ನೋಡು. ಚಿಲಕ ಇಲ್ಲದಿದ್ದರೆ ಕುರ್ಚಿ ಅಡ್ಡ ಇಡು.

ನಾನು ಚೆನ್ನಾಗಿದ್ದೇನೆ. ಅಂಗಡಿ ನಡೆಯುತ್ತಿದೆ. ನಿಮ್ಮಮ್ಮನೂ ಚೆನ್ನಾಗಿದ್ದಾಳೆ. ನೀನು ಮುಂದೆ ಹೋಗು. ಸಮುದ್ರ ಮುಟ್ಟುವವರೆಗೂ ಹಿಂದೆ ತಿರುಗಿ ನೋಡಬೇಡ.

ಅಪ್ಪ

*

ರೈಲು ಕೂಡುವ ಊರು
ಆಗಸ್ಟ್ 1

ಅಪ್ಪಾ,

ಪತ್ರ ಸಿಕ್ಕಿತು. ಅಂಚೆ ಕಚೇರಿಯ ಮೆಟ್ಟಿಲ ಮೇಲೆಯೇ ಓದಿದೆ. ಆಮೇಲೆ ಎರಡು ದಿನ ಎಲ್ಲಿಗೂ ಹೋಗಲಿಲ್ಲ. ನಿಲ್ದಾಣದ ಎದುರಿನ ರೂಮಿನಲ್ಲಿ ಕೂತು ರೈಲುಗಳನ್ನು ನೋಡಿದೆ. ಹಿಂದೆ ಹೋಗುವವೂ ಇದ್ದವು, ಮುಂದೆ ಹೋಗುವವೂ ಇದ್ದವು.

ರೂಮಿನ ಬಾಗಿಲಿಗೆ ಒಳಚಿಲಕ ಇದೆ. ಕಿವಿಗೆ ಬಟ್ಟೆ ಕೊಂಡಿದ್ದೇನೆ, ನೀಲಿ ಬಣ್ಣದ್ದು. ಊಟ ಮಾಡುತ್ತಿದ್ದೇನೆ. ಕಿವಿನೋವಿನ ವಿಷಯ ನಿನಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಇದನ್ನು ಓದಿ ಎಷ್ಟು ಅತ್ತೆ ಎಂದರೆ ರೂಮಿನ ಮಾಲಕಿ ಬಿಸಿನೀರು ತಂದುಕೊಟ್ಟಳು.

ಅಪ್ಪಾ, ನನ್ನದೊಂದು ಕೆಲಸ ಮಾಡು. ಅಮ್ಮ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳಾ ನೋಡು. ತನ್ನೊಬ್ಬಳಿಗಾಗಿ ಒಲೆ ಹಚ್ಚುವ ಹೆಂಗಸಲ್ಲ ಅವಳು. ಬೆಳಗಿನದನ್ನೇ ತಣ್ಣಗೆ ತಿಂದು ಮಷಿನ್ ಮುಂದೆ ಕೂತುಬಿಡುತ್ತಾಳೆ. ಪಕ್ಕದ ಬೇಕರಿಯವರು ಕರೆದರೆ ಹೋಗಿ ನಾಲ್ಕು ಮಾತಾಡಿ ಬರಲಿ, ಬಿಗುಮಾನ ಬೇಡ. ಮನೆಯಲ್ಲಿ ಅವಳೂ ಕುರ್ಚಿ ಅಡ್ಡ ಇಟ್ಟುಕೊಂಡು ಮಲಗಲಿ.

ಈ ಸಲ ಹಿಮ್ಮಡಿ ಕಳಿಸುತ್ತಿಲ್ಲ. ಅಷ್ಟೇನೂ ಸವೆದಿಲ್ಲ.

ಮುಂದೆ ಹೋಗು ಎಂದಿದ್ದೀಯ. ಹೋಗುತ್ತೇನೆ. ಸಮುದ್ರದ ಊರಿಗೆ ಬರೆ. ತಪ್ಪದೆ ಬರೆ ಅಪ್ಪ. ಉದ್ದವಾಗಿ ಬರೆ.

ನಿನ್ನ ಮಗಳು

*

ಮನೆ
ಆಗಸ್ಟ್ 24

ಗಿರಗಟ್ಲೆ,

ಉದ್ದವಾಗಿ ಬರೆ ಎಂದಿದ್ದೀಯ. ಏನು ಬರೆಯಲಿ? ನಿಮ್ಮಮ್ಮ ಉಣ್ಣುತ್ತಿದ್ದಾಳೆ. ನಿನ್ನ ಪತ್ರ ಬಂದ ದಿನ ಒಲೆ ಹಚ್ಚಿ ಬಿಸಿ ಗಂಜಿ ಮಾಡಿಕೊಂಡಳು. ಬೇಕರಿಯವಳ ಜೊತೆಗೂ ಕೂತು ಬಂದಳು. ಅವಳ ಮಾತು ಮುಗಿಯುವುದೇ ಇಲ್ಲ, ತಲೆ ಚಿಟ್ಟುಹಿಡಿಯಿತು.

ನಿಮ್ಮಮ್ಮ ಈಗ ಶೂ ತಳದ ಅಟ್ಟೆಯ ಕೆಲಸವನ್ನೂ ಕಲಿಯುತ್ತಿದ್ದಾಳೆ. ಬಂದ ಗಿರಾಕಿಗಳನ್ನು ವಾಪಸ್ ಕಳಿಸುವುದು ಹೇಗೆ? ಮೊಳೆ ಹೊಡೆಯಲು ಹೋಗಿ ಎರಡು ಸಲ ಬೆರಳಿಗೇ ಹೊಡೆದುಕೊಂಡಳು. ಮೇಲ್ಭಾಗ ಹೊಲಿಯುವವರಿಗೆ ಕಾಲು ಹೇಗೆ ಕಾಣುತ್ತದೆ ಎಂಬುದಷ್ಟೇ ಗೊತ್ತು, ಅದು ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲ. ಕಿಟಕಿಯಲ್ಲಿರುವ ನಿನ್ನ ಹಿಮ್ಮಡಿಗಳನ್ನು ದಿನಾ ತೆಗೆದು ಮುಟ್ಟಿ ನೋಡಿ ಮತ್ತೆ ಅಲ್ಲೇ ಇಡುತ್ತಾಳೆ.

ನೀನು ಅತ್ತದ್ದು ಯಾಕೆ? ಅಳಬೇಡ ಪುಟ್ಟಿ. ಅಷ್ಟು ದೂರದಲ್ಲಿ ಕೂತು ನೀನು ಅತ್ತರೆ ಇಲ್ಲಿ ಕೈಕಾಲು ಆಡುವುದಿಲ್ಲ. ನಿನ್ನನ್ನು ಬೈದದ್ದೂ ಹೊಡೆದದ್ದೂ ಎಲ್ಲ ನೆನಪಾಗುತ್ತದೆ. ನಿನ್ನ ಹಳೆಯ ಸ್ವೆಟರನ್ನು ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದೇನೆ.

ಸಮುದ್ರ ಕಂಡ ಕೂಡಲೇ ಬರೆ.

ಅಪ್ಪ

*

ಸಮುದ್ರದ ಊರು
ಸೆಪ್ಟೆಂಬರ್ 20

ಅಮ್ಮಾ,

ಸಮುದ್ರ ಮುಟ್ಟಿದೆ. ಬೂದು ಬಣ್ಣದ್ದು, ತಣ್ಣಗಿದೆ. ದಡದಲ್ಲಿ ಮೀನಿನ ಪೆಟ್ಟಿಗೆಗಳು, ಬಲೆ ಹೆಣೆಯುವ ಶೆಡ್ಡುಗಳು. ಅಪ್ಪನಿಗೆ ಇದನ್ನು ಹೇಳಬೇಕೆಂದು ಇಷ್ಟು ದೂರ ಬಂದೆ. ಹೇಳುವುದಕ್ಕೆ ಅಪ್ಪ ಇಲ್ಲ. ಅಲ್ಲವೇನಮ್ಮ?

ನನಗೆ ಗೊತ್ತು. ರೈಲು ಕೂಡುವ ಊರಿನಲ್ಲೇ ಗೊತ್ತಾಯಿತು. ನದಿಯ ಊರಿನಿಂದ ಕಳಿಸಿದ ಹಿಮ್ಮಡಿಗಳು ನನ್ನವಲ್ಲಮ್ಮ, ಪೀಪಾಯಿಯವು. ಒಳಅಂಚುಗಳೆರಡೂ ತಿಂದುಹೋಗಿದ್ದವು. ಅಪ್ಪ ಹೆಬ್ಬೆರಳು ಹಾಕಿದ ತಕ್ಷಣ "ಯಾವ ಬಾತುಕೋಳಿಯನ್ನು ಕಳಿಸಿದ್ದೀಯೇ!" ಎಂದು ಕೂಗುತ್ತಾನೆ ಎಂದು ಮಾಡಿದ ತಮಾಷೆ ಅದು. "ನೋಡಿ ನಕ್ಕೆ, ನಿನ್ನ ನಡಿಗೆ ಚೆನ್ನಾಗಿದೆ" ಎಂದು ಉತ್ತರ ಬಂತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪತ್ರದಲ್ಲಿ ಎಲ್ಲೂ ಆವರಣ ಚಿಹ್ನೆಯಿರಲಿಲ್ಲ. ಜಗಳವಾಡುವುದಕ್ಕೆ ನಿನ್ನ ಎದುರಿಗೆ ಯಾರೂ ಇರಲಿಲ್ಲ.

ಅಂಚೆ ಕಚೇರಿಯಲ್ಲಿ ಫೋನ್ ಇತ್ತು. ಬೇಕರಿಗೆ ಮಾಡಿದರೆ ನಿನ್ನನ್ನು ಕರೆಯುತ್ತಿದ್ದರು. ಸಾಲಿನಲ್ಲಿ ನಿಂತೆ, ನನ್ನ ಸರದಿ ಬಂದಾಗ ಹೊರಗೆ ಬಂದುಬಿಟ್ಟೆ. ಫೋನಿನಲ್ಲಿ ನೀನು ಅಪ್ಪನಾಗಲು ಸಾಧ್ಯವಿರಲಿಲ್ಲ. ಆಗ ನೀನು ಮತ್ತೆ ಸುಮ್ಮನಾಗುತ್ತಿದ್ದೆ.

ಯಾಕೆ ಹೇಳಲಿಲ್ಲ ಎಂದು ಮೊದಲು ನಿನ್ನ ಮೇಲೆ ಎಷ್ಟು ಕೋಪ ಬಂತೆಂದರೆ, ನೀನು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಅಪ್ಪನ ಮುಖ ಕೊನೆಗೊಮ್ಮೆ ನೋಡಲು ನನಗೆ ಬಿಡಲಿಲ್ಲ ನೀನು. ಆಮೇಲೆ ಅದೇ ಪತ್ರವನ್ನು ಮತ್ತೆ ಓದಿದೆ. ಒದ್ದೆ ಕೂದಲು, ಕಿವಿಗೆ ಬಟ್ಟೆ, ಬಾಗಿಲಿಗೆ ಕುರ್ಚಿ. ನನ್ನ ಜನ್ಮದಲ್ಲಿ ನೀನು ನನಗೆ ಹೀಗೆ ಬರೆದಿರಲಿಲ್ಲ. ಇನ್ನೊಂದು ಬೇಕು ಎನ್ನಿಸಿತು. ಅದಕ್ಕೇ ಅಪ್ಪಾ ಎಂದೇ ಬರೆದೆ. ಸತ್ತ ಅಪ್ಪನಿಗೆ ಅಪ್ಪಾ ಎಂದು ಬರೆಯುತ್ತಾ, ನಿನ್ನನ್ನು ಕರೆಯುತ್ತಿದ್ದೆ. ಕಳೆದ ಪತ್ರದಲ್ಲಿ ಕೈತಪ್ಪಿ, ನೀನೊಬ್ಬಳೇ ಕರೆಯುವ ಹಾಗೆ ಪುಟ್ಟಿ ಎಂದು ಬರೆದಿದ್ದೀಯ. ಅದನ್ನು ಎಷ್ಟು ಸಲ ಮುಟ್ಟಿದ್ದೇನೆಂದರೆ ಅಕ್ಷರ ಮಾಸಿದೆ.

ನಾನು ಇಲ್ಲೇ ಇರುತ್ತೇನೆ ಅಮ್ಮ. ಬಲೆಯ ಶೆಡ್ಡಿನಲ್ಲಿ ಕೆಲಸ ಕೊಡುತ್ತಾರಂತೆ. ಮನೆಗೆ ಬಂದರೆ ನೀನು ಮತ್ತೆ ಮಾತು ಬಿಡುತ್ತೀಯ. ಆ ಅಂಗಡಿಯಲ್ಲಿ ಅಪ್ಪನೂ ಇಲ್ಲದೆ, ನಿನ್ನ ಮಾತೂ ಇಲ್ಲದೆ ನಾನು ಹೇಗೆ ಕೂರಲಿ? ದೂರವಿದ್ದರೆ ಪತ್ರವಾದರೂ ಬರುತ್ತದೆ. ಬೇಕಾದರೆ ಅಪ್ಪ ಎಂದೇ ಸಹಿ ಹಾಕು. ನನಗೆ ಬೇಸರವಿಲ್ಲ.

ಕೊನೆಯ ಜೊತೆ ಹಿಮ್ಮಡಿ ಇದರಲ್ಲಿದೆ. ಇವು ನನ್ನವೇ. ಶೂಗಳು ಇನ್ನೂ ಗಟ್ಟಿಯಾಗಿವೆ. ಅಟ್ಟೆಯನ್ನು ದಾರಿಯಲ್ಲಿ ಯಾರು ಯಾರೋ ಬದಲಿಸಿದರು, ಅಪ್ಪ ಹಾಕಿದ್ದು ಒಂದು ಚೂರೂ ಉಳಿದಿಲ್ಲ. ನಿನ್ನ ಹೊಲಿಗೆ ಮಾತ್ರ ಒಂದೆಳೆ ಬಿಚ್ಚಿಲ್ಲ.

ಪುಟ್ಟಿ

*

ಮನೆ
ಅಕ್ಟೋಬರ್ 15

ಪುಟ್ಟಿ,

ನಾನು, ಅಮ್ಮ.

ಪತ್ರ ಬಂದು ನಾಲ್ಕು ದಿನವಾಯಿತು. ನಾಲ್ಕು ಸಲ ಬರೆಯಲು ಕೂತು ಎದ್ದೆ. ಯಾರೂ ಹೇಳದೆ ಬರೆದು ಅಭ್ಯಾಸವಿಲ್ಲ. ತಪ್ಪಾದರೆ ಹೊಂದಿಸಿಕೋ.

ನಿಮ್ಮಪ್ಪ ಹೋದದ್ದು ನಿನ್ನ ನದಿಯ ಪತ್ರ ಬರುವುದಕ್ಕೆ ಒಂದು ವಾರ ಮೊದಲು. ಬೆಳಗ್ಗೆ ಸ್ಟೂಲಿನ ಮೇಲೆ ಕೂತಿದ್ದರು, ಹಾಗೇ ಪಕ್ಕಕ್ಕೆ ವಾಲಿದರು. ಕೈಯಲ್ಲಿದ್ದ ಶೂ ಬಿಡಿಸಿಕೊಳ್ಳಬೇಕಾಯಿತು. ನೀನು ದಾಟಿದ್ದು ಅವರಿಗೆ ತಿಳಿಯಲಿಲ್ಲ. ಪತ್ರ ಬಂದ ದಿನ ಅವರ ಖಾಲಿ ಸ್ಟೂಲಿನ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಮೂರು ಸಲ ಅಪ್ಪಾ ಎಂದು ಬರೆದಿದ್ದೆಯಲ್ಲ, ಅದನ್ನೂ ಕೂಗಿಯೇ ಓದಿದೆ. ಬೇಕರಿಯವಳು ಓಡಿ ಬಂದಳು, ನನಗೆ ತಲೆಕೆಟ್ಟಿತು ಎಂದುಕೊಂಡಳು. ಹಿಮ್ಮಡಿಗಳಲ್ಲಿ ಯಾವುದು ಎಡ, ಯಾವುದು ಬಲ ಎಂದೇ ತಿಳಿಯಲಿಲ್ಲ. ಅವರು ಮೊದಲ ಪತ್ರದಲ್ಲಿ ಹೇಳಿದ್ದು ನೆನಪಿತ್ತು, ಅದನ್ನೇ ಬರೆದೆ.

ನೀನು ಹೊರಡುತ್ತೇನೆ ಎಂದ ವಾರವೇ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ನಿಮ್ಮಪ್ಪನಿಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಹೇಳಿದ್ದರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ನಿಮ್ಮಪ್ಪ ನನ್ನ ಕೈ ಹಿಡಿದುಕೊಂಡು ಮಾತು ತೆಗೆದುಕೊಂಡರು. "ಅವಳು ಸಮುದ್ರ ಮುಟ್ಟೋ ತನಕ ಹೇಳಬೇಡ ಕಣೇ. ಒಂದು ಸಲ ನೀನು ಕರೆದೆ, ನಾನು ಬಂದೆ. ಅವಳನ್ನ ಕರೀಬೇಡ" ಎಂದರು.

ಅವರ ಹಿಮ್ಮಡಿ ಕಿತ್ತುಹೋಗಿರಲಿಲ್ಲ ಪುಟ್ಟಿ. ನೀನು ಹೊಟ್ಟೆಯಲ್ಲಿದ್ದೆ. ನನಗೆ ಹೆದರಿಕೆಯಾಗಿತ್ತು, ಒಬ್ಬಳೇ ಇದ್ದೆ, ಬಾ ಎಂದು ನದಿಯ ಊರಿಗೆ ತಂತಿ ಕಳಿಸಿದೆ. ದೋಣಿ ಬಂದು ನಿಂತಿದ್ದಾಗ ಅದು ಅವರ ಕೈಗೆ ಸಿಕ್ಕಿತಂತೆ. ಬಂದರು. ನನ್ನನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ. ಯಾರು ಕೇಳಿದರೂ ಹಿಮ್ಮಡಿ ಕಿತ್ತುಹೋಯಿತು ಎಂದು ನಗುತ್ತಿದ್ದರು. ಶೂ ಹೊಲಿಯುವವನ ಶೂ ಕಿತ್ತುಹೋಯಿತೆಂದರೆ ನಂಬುವವರುಂಟೇ? ಆದರೂ ಊರೆಲ್ಲ ನಂಬಿತು.

ಮಾತು ಬಿಟ್ಟದ್ದು ಸಿಟ್ಟಿಗಲ್ಲ. ಬಾಯಿ ತೆರೆದರೆ ಹೊರಗೆ ಬಂದುಬಿಡುತ್ತಿತ್ತು. ನೀನು ಬಾಗಿಲಲ್ಲಿ ನಿಂತು ಹೋಗಿ ಬರ್ತೀನಮ್ಮ ಎಂದಾಗ, ಹೋಗಬೇಡ ಎನ್ನುವುದು ನಾಲಿಗೆ ತುದಿಯಲ್ಲಿತ್ತು. ಅದಕ್ಕೇ ಮಷಿನ್ ತುಳಿದೆ. ಅದರಲ್ಲಿ ಬಟ್ಟೆಯೂ ಇರಲಿಲ್ಲ, ತೊಗಲೂ ಇರಲಿಲ್ಲ, ದಾರ ಕೂಡ ಇರಲಿಲ್ಲ. ನೀನು ಬೀದಿ ದಾಟುವವರೆಗೂ ಬರೀ ತುಳಿದೆ. ಅಪ್ಪನ ಮುಖ ನೋಡಲು ಬಿಡಲಿಲ್ಲ ಎಂದಿದ್ದೀಯ. ಹೌದು, ಬಿಡಲಿಲ್ಲ. ನನ್ನನ್ನು ಬೈಯುವುದಿದ್ದರೆ ಎದುರಿಗೆ ಕೂತು ಬೈ.

ಈ ಸಲದ ಹಿಮ್ಮಡಿಗಳನ್ನು ಅವರ ಹಾಗೇ ಕಣ್ಣು ಮುಚ್ಚಿ ಹೆಬ್ಬೆರಳು ಹಾಕಿ ಮುಟ್ಟಿದೆ. ಸುತ್ತಲೂ ಒಂದೇ ಸಮ ಸವೆದಿದೆ. ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು ಎನ್ನಿಸಿತು. ಎಲ್ಲಿ ಅಷ್ಟು ಹೊತ್ತು ನಿಂತಿದ್ದೆ? ನೀರಿನ ಮುಂದೆಯಾ? ಸರಿಯೋ ತಪ್ಪೋ ಬಂದು ಹೇಳು.

ಬಲೆಯ ಕೆಲಸ ಬೇಡ. ಅವರಿಗೆ ಕೊಟ್ಟ ಮಾತು ಸಮುದ್ರದವರೆಗೆ ಇತ್ತು. ನೀನು ಮುಟ್ಟಿದೆ, ನನ್ನ ಮಾತು ಮುಗಿಯಿತು. ಒಮ್ಮೆ ಕರೆದು ಒಬ್ಬರ ದಾರಿ ಅರ್ಧಕ್ಕೆ ನಿಲ್ಲಿಸಿದವಳು ನಾನು, ಮತ್ತೆ ಯಾರನ್ನೂ ಕರೆಯಬಾರದು ಎಂದುಕೊಂಡಿದ್ದೆ. ಆಗುತ್ತಿಲ್ಲ. ಸ್ಟೂಲು ಹಾಗೇ ಇದೆ, ಮನೆ ಬಿಕೋ ಎನ್ನುತ್ತಿದೆ. ಬಾ ಪುಟ್ಟಿ.

ಅಲ್ಲಿಯವರು ಯಾಕೆ ಹೊರಟೆ ಎಂದು ಕೇಳಿದರೆ, ಹಿಮ್ಮಡಿ ಕಿತ್ತುಹೋಯಿತು ಅನ್ನು.

ಅಮ್ಮ